ಕಡಲಿನ ಸುದ್ದಿ, ಘಟ್ಟದ ಮೇಲಿನ ಮನೆ

ಆಕಾಶವಾಣಿಯ ಪ್ರದೇಶ ಸಮಾಚಾರದ ಕೊನೆಗೆ ಹವಾಮಾನ ವರದಿ ಬರುತ್ತದೆ. ಕರಾವಳಿಯ ಉದ್ದಕ್ಕೂ ಗಂಟೆಗೆ ಇಂತಿಷ್ಟು ಕಿಲೋಮೀಟರ್ ವೇಗದ ಗಾಳಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ವಾಕ್ಯವನ್ನು ಓದುವ ಹೊತ್ತಿಗೆ ನಮ್ಮ ಶಿಕಾರಿಪುರ, ಸೊರಬದ ಮನೆಗಳಲ್ಲಿ ಯಾರಾದರೊಬ್ಬರು ಎದ್ದು ರೇಡಿಯೋ ಆರಿಸಿರುತ್ತಾರೆ. ಮೀನು ಮುಟ್ಟದ ಮನೆಗಳಿಗೆ ಮೀನುಗಾರರ ಸೂಚನೆ ಏಕೆ ಬೇಕು ಎಂಬುದು ಸಹಜವಾದ ಭಾವನೆಯೇ. ಸೊರಬ ತಾಲ್ಲೂಕಿನ ಓದುಗರೊಬ್ಬರು ಇದೇ ಮಾತನ್ನು ಪ್ರಶ್ನೆಯ ರೂಪದಲ್ಲಿ ಕೇಳಿದ್ದಾರೆ: "ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಪತ್ರಿಕೆಯವರು ಬರೆಯುತ್ತಾರೆ. ಒಮ್ಮೆ ಹಾಗೆ ಬರೆದಾಗ ಮೂರು ದಿನ ಮಳೆ ಹೊಡೆಯಿತು. ಇನ್ನೊಮ್ಮೆ ಬರೆದಾಗ ಬಿತ್ತಿದ ಬೀಜ ಮಣ್ಣಿನಲ್ಲಿಯೇ ಒಣಗಿತು. ಯಾವುದನ್ನು ನಂಬಬೇಕು?"

ಪ್ರಶ್ನೆ ಸಣ್ಣದಲ್ಲ. ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ದೂರದ ಲೆಕ್ಕ ನೋಡೋಣ. ಘಟ್ಟದ ರಸ್ತೆಯ ತಿರುವುಗಳನ್ನು ಬಿಟ್ಟು ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಸೊರಬದಿಂದ ಹೊನ್ನಾವರದ ಕಡಲತಡಿಗೆ ಸುಮಾರು 70 ಕಿ.ಮೀ. ಮಾತ್ರ. ಶಿಕಾರಿಪುರದಿಂದ ನೂರರ ಆಸುಪಾಸು. ಕಡಲಿನ ಮೇಲೆ ಏಳುವ ಒಂದು ಸಾಧಾರಣ ಚಂಡಮಾರುತದ ಮೋಡಗಳು ಹಲವು ನೂರು ಕಿಲೋಮೀಟರು ಹರಡಿಕೊಂಡಿರುತ್ತವೆ. ಆ ಅಳತೆಯಲ್ಲಿ ನಾವು ಕಡಲಂಚಿನವರೇ ಸರಿ, ನಡುವೆ ಸಹ್ಯಾದ್ರಿಯ ಗೋಡೆ ಇರುವುದರಿಂದ ಅಲೆಯ ಸದ್ದು ಕಿವಿಗೆ ಬೀಳುವುದಿಲ್ಲ, ಅಷ್ಟೆ. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ವರದೆ, ದಂಡಾವತಿ, ಕುಮುದ್ವತಿಗಳಲ್ಲಿ ಹರಿಯುವ ನೀರು ಪಡುವಣ ಕಡಲಿನಿಂದ ಮೋಡವಾಗಿ ಬಂದದ್ದು. ಅದು ಹಿಂದಿರುಗಿ ಪಡುವಣಕ್ಕೆ ಹೋಗದೆ, ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಮೂಡಣ ಕಡಲಿಗೆ ಹೋಗುತ್ತದೆ. ಒಂದು ಕಡಲಿನಿಂದ ಪಡೆದು ಮತ್ತೊಂದಕ್ಕೆ ಒಪ್ಪಿಸುವ ನಾಡು ನಮ್ಮದು. ನಮಗೆ ಎರಡು ಕಡಲುಗಳ ಸುದ್ದಿಯೂ ಬೇಕಾಗಿರುವುದು ಹೀಗೆ.

ಮುಂಗಾರು ಹುಟ್ಟುವುದು ನಮ್ಮ ಆಕಾಶದಲ್ಲಿ ಅಲ್ಲ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಮಡಗಾಸ್ಕರ್ ದ್ವೀಪದ ಪೂರ್ವದಲ್ಲಿರುವ ಮಸ್ಕರೀನ್ ದ್ವೀಪಗಳ ಬಳಿ, ಚಳಿಗಾಲದ ತಣ್ಣನೆಯ ಕಡಲಿನ ಮೇಲೆ ಅಧಿಕ ಒತ್ತಡದ ಗಾಳಿ ಕೂಡಿಕೊಂಡಿರುತ್ತದೆ. ಇತ್ತ ನಮ್ಮ ನೆಲ ಬೇಸಿಗೆಯಲ್ಲಿ ಕಾದು, ಮೇಲಿನ ಗಾಳಿ ಹಗುರಾಗಿ ಒತ್ತಡ ಇಳಿದಿರುತ್ತದೆ. ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಿಯುವುದು ನೀರಿನಂತೆ ಗಾಳಿಗೂ ಧರ್ಮ. ಆ ಗಾಳಿ ಭೂಮಧ್ಯರೇಖೆಯನ್ನು ದಾಟಿದೊಡನೆ, ಭೂಮಿ ತಿರುಗುತ್ತಿರುವ ಕಾರಣ, ಬಲಕ್ಕೆ ಹೊರಳುತ್ತದೆ. ಸೊಮಾಲಿಯಾದ ಕರಾವಳಿಯನ್ನು ಒರೆಸಿಕೊಂಡು ಭರದಿಂದ ಅರಬ್ಬೀ ಸಮುದ್ರವನ್ನು ಹಾಯ್ದು, ದಾರಿಯುದ್ದಕ್ಕೂ ನೀರಾವಿಯನ್ನು ಹೊತ್ತು, ಸಹ್ಯಾದ್ರಿಗೆ ಬಂದು ಅಪ್ಪಳಿಸುತ್ತದೆ. ಮೇಲೇರಿದ ಗಾಳಿ ತಣಿಯುತ್ತದೆ, ತಣಿದದ್ದು ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆಯಾಗುವುದಕ್ಕೂ, ಅದೇ ಜಿಲ್ಲೆಯ ಶಿಕಾರಿಪುರದ ಮೂಡಣ ಹೋಬಳಿಗಳಲ್ಲಿ ರೈತರು ಮೆಕ್ಕೆಜೋಳಕ್ಕೆ ಮೋಡ ನೋಡುತ್ತಾ ಕೂರುವುದಕ್ಕೂ ಇದೇ ಕಾರಣ. ಗಾಳಿ ತನ್ನ ಹೊರೆಯ ಬಹುಪಾಲನ್ನು ಘಟ್ಟದ ನೆತ್ತಿಯಲ್ಲಿಯೇ ಇಳಿಸಿಬಿಡುತ್ತದೆ. ಸೊರಬಕ್ಕೆ ಅದರ ಮಿಕ್ಕ ಪಾಲು, ಶಿಕಾರಿಪುರಕ್ಕೆ ಆ ಮಿಕ್ಕದ್ದರಲ್ಲಿ ಮಿಕ್ಕಿದ್ದು.

ಈ ಗಾಳಿಯ ಕಾಲವನ್ನು ಬಲ್ಲವರು ಹಿಂದೆಯೂ ಇದ್ದರು. ಅರಬ್ಬರ ನಾವಿಕರು ಋತುವಿಗೆ ಹೇಳುತ್ತಿದ್ದ ಮೌಸಿಮ್ ಎಂಬ ಮಾತೇ ಇಂಗ್ಲಿಷಿನವರ ಬಾಯಲ್ಲಿ ಮಾನ್ಸೂನ್ ಆಯಿತು. ಕೆಳದಿಯ ಅರಸರು ವೀರಶೈವ ಧರ್ಮದ ಆಶ್ರಯದಾತರೆಂದು ನಾವು ಅಭಿಮಾನದಿಂದ ನೆನೆಯುತ್ತೇವೆ. ಅವರು ಕಡಲನ್ನು ಬಲ್ಲ ಅರಸರೂ ಆಗಿದ್ದರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಮಲೆನಾಡಿನ ಅಕ್ಕಿ, ಮೆಣಸುಗಳು ಎತ್ತುಗಳ ಬೆನ್ನೇರಿ ಘಟ್ಟ ಇಳಿದು ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಹಡಗು ಹತ್ತುತ್ತಿದ್ದವು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನು ಪೋರ್ಚುಗೀಸರ ಕೈಯಿಂದ ಆ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡದ್ದು ಈ ವ್ಯಾಪಾರದ ಬಾಗಿಲುಗಳಿಗಾಗಿಯೇ. ಅವನಿಗಿಂತ ಮೊದಲು, ವೆಂಕಟಪ್ಪ ನಾಯಕನ ಕಾಲದಲ್ಲಿ, 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದನಷ್ಟೆ. ಅವನೂ ಮಳೆಗಾಲ ಕಳೆಯುವವರೆಗೆ ಗೋವೆಯಲ್ಲಿದ್ದು, ಆ ಬಳಿಕ ಹೊನ್ನಾವರಕ್ಕೆ ಹಡಗಿನಲ್ಲಿ ಬಂದು ಘಟ್ಟ ಹತ್ತಿದವನು. ಮಳೆಗಾಲದಲ್ಲಿ ಪಡುವಣ ಕಡಲಿನ ಬಾಗಿಲು ಮುಚ್ಚಿರುತ್ತದೆ ಎಂಬುದು ಆಗಿನ ಎಲ್ಲರಿಗೂ ತಿಳಿದ ಮಾತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಮೀನು ಮರಿಯಿಡುವ ಕಾಲವೆಂಬುದು ಒಂದು ಕಾರಣ, ಕಡಲು ಒರಟಾಗಿರುತ್ತದೆಂಬುದು ಇನ್ನೊಂದು. ನೂಲಹುಣ್ಣಿಮೆಯಂದು ಕರಾವಳಿಯವರು ಸಮುದ್ರರಾಜನಿಗೆ ತೆಂಗಿನಕಾಯಿ ಅರ್ಪಿಸಿ ಕಡಲಿಗಿಳಿಯುವ ಪದ್ಧತಿಯಲ್ಲಿ ಈ ಹಳೆಯ ತಿಳಿವಳಿಕೆ ಅಡಗಿದೆ.

ಈಗ ಓದುಗರ ಪ್ರಶ್ನೆಗೆ ಬರೋಣ. ವಾಯುಭಾರ ಕುಸಿತವೆಂಬುದು ಒಮ್ಮೆ ಮಳೆ ತರುತ್ತದೆ, ಒಮ್ಮೆ ಮಳೆಯನ್ನು ಕಸಿಯುತ್ತದೆ ಎಂದು ಅವರು ಕಂಡದ್ದು ನಿಜ.

ಕಡಲಿನ ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿದ್ದು, ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ ಮತ್ತು ದಿಕ್ಕಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದಿದ್ದರೆ, ಒತ್ತಡ ಕುಸಿದ ಜಾಗದ ಸುತ್ತ ಗಾಳಿ ಸುತ್ತತೊಡಗುತ್ತದೆ. ಅದು ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 63 ಮುಟ್ಟಿದರೆ ಚಂಡಮಾರುತ, 222ನ್ನು ಮುಟ್ಟಿದರೆ ಮಹಾ ಚಂಡಮಾರುತ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಂಗಾರಿನ ಕೆಳಗಾಳಿ ಒಂದು ದಿಕ್ಕಿಗೆ, ಎತ್ತರದ ಗಾಳಿ ಅದಕ್ಕೆ ಎದುರು ದಿಕ್ಕಿಗೆ ರಭಸದಿಂದ ಓಡುವುದರಿಂದ ಈ ಸುಳಿ ನೆಟ್ಟಗೆ ನಿಲ್ಲಲಾರದು. ಆದ್ದರಿಂದ ನಮ್ಮ ಕಡಲುಗಳಲ್ಲಿ ಚಂಡಮಾರುತದ ಕಾಲ ಎರಡು: ಮುಂಗಾರಿನ ಹೊಸ್ತಿಲಲ್ಲಿ ಮೇ-ಜೂನ್, ಹಿಂಗಾರಿನಲ್ಲಿ ಅಕ್ಟೋಬರಿನಿಂದ ಡಿಸೆಂಬರ್. ರೈತನಿಗೆ ಇವೆರಡೂ ಇಕ್ಕಟ್ಟಿನ ಕಾಲ. ಒಂದು ಬಿತ್ತನೆಯದು, ಇನ್ನೊಂದು ಕೊಯ್ಲಿನದು.

2021ರ ಮೇ ತಿಂಗಳ ನಡುವೆ ಎದ್ದ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಸಮೀಪದಲ್ಲಿಯೇ ಉತ್ತರಕ್ಕೆ ಸಾಗಿತು. ಆಗ ಕರಾವಳಿಯಲ್ಲೂ ಘಟ್ಟದಲ್ಲೂ ಭಾರಿ ಮಳೆಯಾಯಿತು. ಮೇ 17ರ ರಾತ್ರಿ ಅದು ಗುಜರಾತಿನ ನೆಲ ಸೇರಿತು. ಸುಳಿ ನಮ್ಮ ಪಕ್ಕದಲ್ಲಿದ್ದಾಗ ಅದರ ತೋಳುಗಳು ನಮ್ಮ ಮೇಲೆ ನೀರು ಚೆಲ್ಲುತ್ತವೆ. ಆದರೆ 2023ರ ಜೂನಿನ ಬಿಪೊರ್‌ಜಾಯ್ ಬೇರೆಯದೇ ಕಥೆ. ಅದು ಜೂನ್ 6ರಂದು ರೂಪುಗೊಂಡು, ದಡದಿಂದ ದೂರ, ಕಡಲಿನ ನಡುವೆ ಒಂಬತ್ತು ಹತ್ತು ದಿನ ಅಲೆದಾಡಿ, 15ರಂದು ಗುಜರಾತಿನ ಜಖೌ ಬಂದರಿನ ಬಳಿ ನೆಲಕ್ಕೆ ಬಂತು. ಸೊಮಾಲಿಯಾದ ಕಡೆಯಿಂದ ನಮ್ಮತ್ತ ಬರಬೇಕಿದ್ದ ತೇವದ ಗಾಳಿಯನ್ನು ಅಷ್ಟೂ ದಿನ ಅದು ತನ್ನ ಸುಳಿಗೆ ಎಳೆದುಕೊಂಡಿತ್ತು. ಕೇರಳಕ್ಕೆ ಜೂನ್ 1ರಂದು ಬರಬೇಕಾದ ಮುಂಗಾರು 8ಕ್ಕೆ ಬಂತು. ಬಂದದ್ದೂ ಬಲವಿಲ್ಲದೆ ತೆವಳಿತು. ಮೃಗಶಿರಾ ಮಳೆಯನ್ನು ನಂಬಿ ಬೀಜ ನೆಲಕ್ಕೆ ಹಾಕಿದವರ ಪಾಡು ಏನಾಯಿತೆಂಬುದನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. 2019ರ ಜೂನಿನ ವಾಯು ಎಂಬ ಚಂಡಮಾರುತವೂ ಹೀಗೆಯೇ ಮುಂಗಾರನ್ನು ತಡೆದಿತ್ತು.

ಆದುದರಿಂದ "ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ" ಎಂಬ ಅರ್ಧ ವಾಕ್ಯವನ್ನು ಕೇಳಿ ನಂಬುವುದೂ ತಪ್ಪು, ಬಿಡುವುದೂ ತಪ್ಪು. ಅದು ಎಲ್ಲಿದೆ, ಯಾವ ದಿಕ್ಕಿಗೆ ಸಾಗುತ್ತಿದೆ ಎಂಬ ಉಳಿದರ್ಧವನ್ನು ಕೇಳಬೇಕು. ಲಕ್ಷದ್ವೀಪದ ಬಳಿ ಹುಟ್ಟಿ ಕರಾವಳಿಗೆ ಒತ್ತಿಕೊಂಡು ಬಡಗಣಕ್ಕೆ ಬರುತ್ತಿದ್ದರೆ ಮಳೆಗೆ ಸಿದ್ಧರಾಗಬೇಕು. ಕಡಲ ನಡುವಿನಲ್ಲಿದ್ದು ವಾಯವ್ಯಕ್ಕೆ, ಒಮಾನಿನ ಕಡೆಗೋ ಗುಜರಾತಿನ ಕಡೆಗೋ ಸಾಗುತ್ತಿದ್ದರೆ ಬೀಜದ ಚೀಲ ಬಿಚ್ಚುವ ಮುನ್ನ ಒಂದು ವಾರ ಕಾಯುವುದು ಲೇಸು. ಇನ್ನೊಂದು ಮಾತೂ ವರದಿಗಳಲ್ಲಿ ಬರುತ್ತದೆ: ಗುಜರಾತ್ ಅಥವಾ ಮಹಾರಾಷ್ಟ್ರದ ಕರಾವಳಿಯಿಂದ ಕೇರಳದವರೆಗೆ ಕಡಲಂಚಿನಲ್ಲಿ ಕಡಿಮೆ ಒತ್ತಡದ ಪಟ್ಟಿ ಏರ್ಪಟ್ಟಿದೆ ಎಂದು. ಚಂಡಮಾರುತದಂತೆ ಅದಕ್ಕೆ ಹೆಸರಿಲ್ಲ, ದೂರದರ್ಶನದಲ್ಲಿ ಅದರ ಅಬ್ಬರವೂ ಇಲ್ಲ. ಆದರೆ ಜುಲೈ ತಿಂಗಳಿನಲ್ಲಿ ವರದೆ ಉಕ್ಕಿ ಗದ್ದೆಗಳ ಮೇಲೆ ನಿಲ್ಲುವಂತೆ ಮಾಡುವುದು ಬಹುಮಟ್ಟಿಗೆ ಈ ಹೆಸರಿಲ್ಲದ ಪಟ್ಟಿಯೇ.

ಹೆಸರಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಕಡಲುಗಳ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ 2004ರಲ್ಲಿ ಆರಂಭವಾಯಿತು. ಎಂಟು ದೇಶಗಳು ತಲಾ ಎಂಟು ಹೆಸರು ಕೊಟ್ಟು 64 ಹೆಸರುಗಳ ಪಟ್ಟಿ ಮಾಡಿದ್ದವು. 2020ರಲ್ಲಿ ಅದು ಮುಗಿದು, ಹದಿಮೂರು ದೇಶಗಳ 169 ಹೆಸರುಗಳ ಹೊಸ ಪಟ್ಟಿ ಬಂತು. ತೌಕ್ತೆ ಎಂಬುದು ಮ್ಯಾನ್ಮಾರಿನವರು ಕೊಟ್ಟ ಹೆಸರು. ಅವರ ಭಾಷೆಯಲ್ಲಿ ಅದೊಂದು ಬಗೆಯ ಹಲ್ಲಿ. ಹಲ್ಲಿಯ ಶಕುನ ನಂಬುವವರಿಗೆ ಇದು ತಮಾಷೆಯೆನಿಸೀತು.

ಮುನ್ಸೂಚನೆಯ ವಿದ್ಯೆ ನಮ್ಮ ದೇಶದಲ್ಲಿ ಹುಟ್ಟಿದ್ದೇ ಸಂಕಟದಿಂದ. 1864ರಲ್ಲಿ ಕಲ್ಕತ್ತೆಯನ್ನು ಭೀಕರ ಚಂಡಮಾರುತ ಹೊಡೆಯಿತು, 1866ರಲ್ಲಿ ಮಳೆ ಕೈಕೊಟ್ಟು ಬರ ಬಂತು. ಇವುಗಳ ಬೆನ್ನಿಗೆ 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ನೋಡಿ ಮುಂಗಾರನ್ನು ಅಂದಾಜು ಮಾಡಿದ. ಮುಂದೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್, ಶಾಂತಸಾಗರದ ಮೇಲಿನ ಒತ್ತಡದ ಏರಿಳಿತಕ್ಕೂ ನಮ್ಮ ಮಳೆಗೂ ನಂಟಿದೆಯೆಂದು ತೋರಿಸಿಕೊಟ್ಟ. ಇಂದು ಎಲ್ ನಿನೋ ಎಂಬ ಮಾತು ಶಿರಾಳಕೊಪ್ಪದ ಸಂತೆಯಲ್ಲಿಯೂ ಕೇಳಿಬರುತ್ತದೆ. ಅದರ ಮೂಲ ಅಲ್ಲಿದೆ. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ತೂಗುಯ್ಯಾಲೆ ಇದೆ. ಪಶ್ಚಿಮ ಭಾಗ ಕಾದು ಪೂರ್ವಭಾಗ ತಣಿದಾಗ ನಮಗೆ ಅನುಕೂಲ. 1997ರಲ್ಲಿ ಪ್ರಬಲ ಎಲ್ ನಿನೋ ಇದ್ದರೂ ನಮ್ಮಲ್ಲಿ ಮಳೆ ಕೆಡದಿದ್ದುದು ಈ ಉಯ್ಯಾಲೆ ನಮ್ಮ ಕಡೆಗೆ ತೂಗಿದ್ದರಿಂದ. 2023ರಲ್ಲಿಯೂ ಅದು ನಮ್ಮ ಕಡೆಗೇ ತೂಗಿತ್ತು, ಆದರೆ ತಡವಾಗಿ. ಆ ವರ್ಷದ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಬೇಕಾಯಿತು.

ನಮ್ಮ ಸಮಾಜದಲ್ಲಿ ಮಳೆಯ ಮಾತು ಬಂದರೆ ಮೈಲಾರದ ಕಾರಣಿಕವನ್ನು ನೆನೆಯದವರಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಒಂದು ವಾಕ್ಯಕ್ಕೆ ಊರೂರಲ್ಲಿ ಹತ್ತು ಅರ್ಥ ಹೇಳುತ್ತಾರೆ. ಅದರ ಬಗ್ಗೆ ಜನರಿಗಿರುವ ಭಕ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಅದೇ ತಕ್ಕಡಿಯಲ್ಲಿಟ್ಟು, "ಹೇಳಿದ್ದು ಆಗಲಿಲ್ಲ, ಎಲ್ಲ ಸುಳ್ಳು" ಎನ್ನುವುದು ಸರಿಯಲ್ಲ. ಭವಿಷ್ಯವಾಣಿ ಒಮ್ಮೆ ನುಡಿದರೆ ಮುಗಿಯಿತು. ಮುನ್ಸೂಚನೆ ದಿನದಿನವೂ ತಿದ್ದಿಕೊಳ್ಳುವ ಲೆಕ್ಕ, ನಿನ್ನೆಯದಕ್ಕಿಂತ ಇಂದಿನದು ಸತ್ಯಕ್ಕೆ ಹತ್ತಿರ. ಕಡಲಿನಲ್ಲಿ ತೇಲುವ ಬೋಯಾಗಳು, ಇನ್ಸಾಟ್ ಸರಣಿಯ ಉಪಗ್ರಹಗಳು, ಕರಾವಳಿಯ ರಾಡಾರುಗಳು ಕಳಿಸುವ ಅಂಕಿಗಳನ್ನು ಸೇರಿಸಿ ಮಾಡುವ ಈ ಲೆಕ್ಕದಲ್ಲಿ, ಚಂಡಮಾರುತದ ದಾರಿಯನ್ನು ಒಂದು ದಿನ ಮೊದಲು ಹೇಳುವಾಗ ಆಗುತ್ತಿದ್ದ ತಪ್ಪು ಕಳೆದ ಎರಡು ದಶಕಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆ. ತಿಥಿ ವಾರಗಳ ಶುಭಾಶುಭವನ್ನು ಒಪ್ಪದ ಶರಣರ ಮಕ್ಕಳಾದ ನಮಗೆ ಇಂಥ ಲೆಕ್ಕ ಪರಕೀಯವಾಗಬಾರದು. ಬಳ್ಳಿಗಾವಿಯ ಅಲ್ಲಮನೂ ಉಡುತಡಿಯ ಅಕ್ಕನೂ ಹುಟ್ಟಿದ ನೆಲವಿದು, ಕೇಳಿ ತಿಳಿಯುವುದು ಇಲ್ಲಿನ ಹಳೆಯ ಅಭ್ಯಾಸ.

ಹಾಗೆಂದು ಮಳೆ ನಕ್ಷತ್ರಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ. ಅವು ಸೂರ್ಯನ ದಾರಿಯನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಮಾಡಿಕೊಂಡ ಕ್ಯಾಲೆಂಡರು. ಯಾವ ತುಂಡಿನಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬ ನೂರಾರು ವರ್ಷಗಳ ಅನುಭವ ಅದರಲ್ಲಿದೆ. ಈ ವರ್ಷ ಏನಾಗುತ್ತದೆ ಎಂಬುದು ಮಾತ್ರ ಅದರಲ್ಲಿಲ್ಲ. ಕೇರಳಕ್ಕೆ ಮುಂಗಾರು 1918ರಲ್ಲಿ ಮೇ 11ಕ್ಕೇ ಬಂದಿತ್ತು, 1972ರಲ್ಲಿ ಜೂನ್ 18ಕ್ಕೆ ಬಂತು. 2025ರಲ್ಲಿ ಮೇ 24ಕ್ಕೆ ಬಂದಾಗ ಪಂಚಾಂಗದಲ್ಲಿ ಇನ್ನೂ ಕೃತ್ತಿಕಾ ಮಳೆ ನಡೆದಿತ್ತು. ಆ ದಿನಗಳಲ್ಲಿ ಕೊಂಕಣದ ಎದುರಿನ ಕಡಲಿನಲ್ಲಿ ವಾಯುಭಾರ ಕುಸಿತವಿತ್ತು. ಅದು ಮಳೆಯನ್ನು ಕೈಹಿಡಿದು ಕರೆತಂದಿತು. ಅಡಿಕೆಗೆ ಕೊಳೆರೋಗ ಬಾರದಂತೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನವೇ ಹೊಡೆಯಬೇಕಷ್ಟೆ. ಜೂನ್ ಮೊದಲ ವಾರವನ್ನು ನಂಬಿ ಕೊನೆಗಾರನಿಗೆ ಹೇಳಿಟ್ಟವರಿಗೆ ಆ ವರ್ಷ ಬಿಡುವು ಸಿಗುವಂತಿರಲಿಲ್ಲ. ಕಡಲಿನ ಸುದ್ದಿಯನ್ನು ಕೇಳಿದವರಿಗೆ ಮೂರು ನಾಲ್ಕು ದಿನ ಮೊದಲೇ ಸುಳಿವು ಸಿಕ್ಕಿತ್ತು. ಒಂದು ತೋಟದ ವರ್ಷದ ಗಳಿಕೆ ಇಂಥ ಮೂರು ನಾಲ್ಕು ದಿನಗಳ ಮೇಲೆ ನಿಲ್ಲುತ್ತದೆ. ಕೂರಿಗೆ ಭತ್ತ ಹಾಕುವ ಸೊರಬದವರಿಗೂ ಈ ಲೆಕ್ಕ ತಪ್ಪಿದ್ದಲ್ಲ.

ವರದಿಯ ಭಾಷೆಯ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. "ಒಂದೆರಡು ಕಡೆ ಮಳೆ" ಎಂದರೆ ಆ ಪ್ರದೇಶದ ಕಾಲು ಭಾಗದಷ್ಟು ಕೇಂದ್ರಗಳಲ್ಲಿ ಮಾತ್ರ. "ಕೆಲವು ಕಡೆ" ಎಂದರೆ ಅರ್ಧದವರೆಗೆ. "ಹಲವು ಕಡೆ" ಎಂದರೆ ಮುಕ್ಕಾಲರವರೆಗೆ. "ಬಹುತೇಕ ಕಡೆ" ಎಂದರೆ ಅದಕ್ಕೂ ಮೇಲೆ. ಇವು ಬರಿಯ ಮಾತಿನ ಅಲಂಕಾರಗಳಲ್ಲ, ಇಲಾಖೆ ಗೊತ್ತುಮಾಡಿದ ಅಳತೆಗಳು. ಹಾಗೆಯೇ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ "ಭಾರಿ" ಮಳೆ, 115.6 ಮುಟ್ಟಿದರೆ "ಅತಿ ಭಾರಿ", 204.5ರ ಮೇಲೆ "ಅತ್ಯಂತ ಭಾರಿ". ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಚ್ಚರಿಕೆಯ ಮೆಟ್ಟಿಲುಗಳು. ಇಲ್ಲಿ ಒಂದು ತೊಡಕಿದೆ, ಅದನ್ನು ನೇರವಾಗಿ ಹೇಳಬೇಕು. ಬಣ್ಣ ಕೊಡುವುದು ಇಡೀ ಜಿಲ್ಲೆಗೆ. ಶಿವಮೊಗ್ಗ ಜಿಲ್ಲೆಗೆ ಕೆಂಪು ಬಣ್ಣ ಕೊಟ್ಟ ದಿನ ಹೊಸನಗರ, ತೀರ್ಥಹಳ್ಳಿಯ ಘಟ್ಟದಲ್ಲಿ ಆಕಾಶ ಕಳಚಿ ಬಿದ್ದಿರುತ್ತದೆ; ಶಿಕಾರಿಪುರದಲ್ಲಿ ಬಟ್ಟೆ ಒಣಗಿರುತ್ತದೆ. ಶಿಕಾರಿಪುರದವರು ನಗುತ್ತಾರೆ. ಹೀಗೆ ನಾಲ್ಕು ಸಲ ನಕ್ಕ ಮೇಲೆ ಐದನೆಯ ಸಲ ಕುಮುದ್ವತಿ ಸೇತುವೆಯ ಮೇಲೆ ಹರಿಯುವಾಗಲೂ ಅದರ ಮೇಲೆಯೇ ಬೈಕು ದಾಟಿಸುತ್ತಾರೆ. ಜಿಲ್ಲೆಯ ಬಣ್ಣವನ್ನು ಮೇಲ್ದಂಡೆಯ ಸುದ್ದಿಯೆಂದು ಓದುವುದು ಜಾಣತನ. ಹೊಳೆಯ ನೀರು ನಮ್ಮ ಊರಿನ ಮಳೆಯನ್ನು ಕೇಳಿ ಏರುವುದಿಲ್ಲ. ಊರಿನ ಮಟ್ಟದ ಮಳೆಯ ಲೆಕ್ಕ ಬೇಕಾದವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ಇರಿಸಿದೆ, ವರುಣಮಿತ್ರ ಎಂಬ ದೂರವಾಣಿ ಸೇವೆಯನ್ನು ನಡೆಸುತ್ತದೆ. ಹಳೆಯ ಪ್ರವಾಹದ ಚಿತ್ರಗಳನ್ನು ಇಂದಿನದೆಂದು ಮೊಬೈಲಿನಲ್ಲಿ ಹಂಚುವ ನೆಂಟರಿಗಿಂತ ಇದು ಎಷ್ಟೋ ಮೇಲು.

ಇನ್ನು ಮೀನುಗಾರರ ಸೂಚನೆ. ಅದು ನಮ್ಮ ಮನೆಗಳ ಬಾಗಿಲಿಗೂ ಬಂದಿದೆ ಎಂಬುದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಗೋಕರ್ಣ, ಇಡಗುಂಜಿ, ಮುರುಡೇಶ್ವರಗಳಿಗೆ ನಮ್ಮ ಕುಟುಂಬಗಳು ರಜೆ ಸಿಕ್ಕಾಗಲೆಲ್ಲ ಹೋಗುತ್ತವೆ. ದೇವರ ದರ್ಶನವಾದ ಮೇಲೆ ಮಕ್ಕಳು ನೀರಿಗೆ ಓಡುತ್ತಾರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದರು. ಒಳನಾಡಿನ ಮಕ್ಕಳು, ಕೆರೆಯಲ್ಲಿ ಈಜು ಕಲಿತವರೂ ಇರಬಹುದು. ಆದರೆ ಕೆರೆಯ ಈಜು ಕಡಲಿಗೆ ಸಾಲದು.

ಕಡಲಿನ ವರದಿಯಲ್ಲಿ ಅಲೆಯ ಎತ್ತರ ಎರಡು ಮೀಟರ್ ಎಂದಿದ್ದರೆ, ಅದು ಎಲ್ಲ ಅಲೆಗಳ ಪೈಕಿ ದೊಡ್ಡದಾದ ಮೂರನೆಯ ಒಂದು ಭಾಗದ ಸರಾಸರಿ. ಅವುಗಳ ನಡುವೆ ಅದರ ಇಮ್ಮಡಿ ಎತ್ತರದ್ದೂ ಒಂದು ಬಂದೀತು. ಬಿಸಿಲು ಬೆಳಗುತ್ತಿದೆ, ಗಾಳಿಯಿಲ್ಲ, ಆದ್ದರಿಂದ ಕಡಲು ಶಾಂತವಾಗಿದೆ ಎಂದು ತಿಳಿಯಬಾರದು. ಸಾವಿರಾರು ಕಿಲೋಮೀಟರು ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಉಬ್ಬಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುತ್ತವೆ. ಮಲಯಾಳಿಗಳು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು ಎಂದರ್ಥ. 2024ರ ಮಾರ್ಚ್ ಕೊನೆಯ ದಿನ ಕೇರಳದ ದಡದ ಮನೆಗಳಿಗೆ ಹೀಗೆಯೇ ನೀರು ನುಗ್ಗಿತು. ಹೈದರಾಬಾದಿನಲ್ಲಿ 1999ರಿಂದ ಇರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಉಬ್ಬಲೆಗಳನ್ನು ಮುಂದಾಗಿ ಎಣಿಸಿ ಎಚ್ಚರಿಕೆ ಕೊಡುತ್ತದೆ.

ಅಲೆಗಿಂತ ಸೆಳೆತ ಹೆಚ್ಚು ಅಪಾಯ. ದಡಕ್ಕೆ ಬಂದ ನೀರು ಹಿಂದಿರುಗುವಾಗ ಮರಳದಂಡೆಯ ನಡುವೆ ಓಣಿ ಮಾಡಿಕೊಂಡು ರಭಸದಿಂದ ಒಳಕ್ಕೆ ಹರಿಯುತ್ತದೆ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಸಪಾಟಾಗಿ, ಕೆಸರು ಬಣ್ಣದಲ್ಲಿ ಕಂಡರೆ ಅದೇ ಆ ಓಣಿ. ಅಲೆಯಿಲ್ಲದ ಜಾಗವೆಂದು ತಾಯಂದಿರು ಮಕ್ಕಳನ್ನು ಅಲ್ಲಿಯೇ ಬಿಡುವುದುಂಟು! ಸೆಳೆತಕ್ಕೆ ಸಿಕ್ಕವನು ದಡದ ಕಡೆಗೆ ಈಜಿದರೆ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿದರೆ ಓಣಿಯಿಂದ ಹೊರಬೀಳುತ್ತಾನೆ. ಈಜು ಬಾರದವನು ಕೈಕಾಲು ಬಡಿಯದೆ ತೇಲುತ್ತಾ ಕೂಗಬೇಕು. ರಕ್ಷಿಸಲು ಮನೆಯವರು ಒಬ್ಬರ ಹಿಂದೊಬ್ಬರು ಹಾರುವುದರಿಂದಲೇ ಒಂದು ಸಾವು ಮೂರಾಗುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ಕಾಲು ತೊಳೆಯುವುದಕ್ಕೂ ಇಳಿಯಬೇಡಿ. ಜೀವರಕ್ಷಕ ಸಿಬ್ಬಂದಿ ಸೀಟಿ ಊದಿದಾಗ "ನಾವು ದೂರದಿಂದ ಬಂದವರು" ಎಂದು ವಾದಿಸುವ ಹಿರಿಯರನ್ನು ಕಂಡಿದ್ದೇನೆ. ದೂರದಿಂದ ಬಂದವರಿಗೇ ಆ ಸೀಟಿ ಬೇಕಾಗಿರುವುದು.

ಎಚ್ಚರಿಕೆ ಇದ್ದರಷ್ಟೆ ಸಾಲದು, ಅದು ತಲುಪಬೇಕು. 1998ರ ಜೂನ್ 9ರಂದು ಗುಜರಾತಿನ ಕಾಂಡ್ಲಾ ಬಂದರನ್ನು ಹೊಡೆದ ಚಂಡಮಾರುತದಲ್ಲಿ ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಉಪ್ಪಿನ ಗದ್ದೆಗಳ ಬಡ ಕೂಲಿಗಳು ಬಹಳ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಒಂದೇ ದಿನದಲ್ಲಿ ಬಲಿತಾಗ ಕೇರಳ, ತಮಿಳುನಾಡಿನ ಮೀನುಗಾರರು ಅದಾಗಲೇ ದಿನಗಟ್ಟಲೆ ದೂರದ ಆಳಕಡಲಿನಲ್ಲಿದ್ದರು. ದಡದ ರೇಡಿಯೋ ಅಲ್ಲಿಗೆ ಕೇಳಿಸದು. ನೂರಾರು ಮಂದಿ ಹಿಂದಿರುಗಲಿಲ್ಲ. ಆ ಬಳಿಕವೇ ಉಪಗ್ರಹದಿಂದ ನೇರವಾಗಿ ದೋಣಿಗೆ ಸಂದೇಶ ಕಳಿಸುವ ಉಪಕರಣ ಬಂದದ್ದು. ದೋಣಿ ನಡೆಸುವ ಕಾಯಕದ ಚೌಡಯ್ಯನನ್ನು ಶರಣನೆಂದು ಪೂಜಿಸುವ ನಾವು ಆ ಒಂದು ಸಾಲಿನ ಸೂಚನೆಯನ್ನು ರೇಡಿಯೋ ಆರಿಸದೆ ಕೇಳಬಹುದು. ಅದು ನಮ್ಮ ಅನ್ನಕ್ಕೂ ಸಂಬಂಧಿಸಿದ ಸಾಲು ಎಂಬುದನ್ನು ಮೇಲೆ ವಿವರಿಸಿದ್ದಾಗಿದೆ.

ಅರಬ್ಬೀ ಸಮುದ್ರದ ಸ್ವಭಾವವೂ ಬದಲಾಗುತ್ತಿದೆ. ಹಿಂದೆ ಬಂಗಾಳಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಎದ್ದರೆ ಇತ್ತ ಒಂದು ಏಳುತ್ತಿತ್ತು. ಪಡುವಣ ಹಿಂದೂ ಮಹಾಸಾಗರ 1901ರಿಂದ 2012ರವರೆಗೆ ಬೇಸಿಗೆಯ ತಿಂಗಳುಗಳಲ್ಲಿ ಸುಮಾರು 1.2 ಡಿಗ್ರಿ ಕಾದಿದೆಯೆಂದು ಪುಣೆಯ ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಇದೇ ಕಡಲಿನಲ್ಲಿ ಒಟ್ಟಿಗೇ ಸುತ್ತುತ್ತಿದ್ದವು. ಮೇ, ಜೂನ್ ತಿಂಗಳುಗಳ ಹಳೆಯ ಲೆಕ್ಕಾಚಾರಕ್ಕೆ ಇನ್ನು ಮುಂದೆ ಕಡಲನ್ನು ಕೇಳಿಯೇ ಗಂಟು ಹಾಕಬೇಕಾದೀತು.

ಕೊಯ್ಲಿನ ಕಾಲಕ್ಕೆ ಮಾತ್ರ ಮುಖವನ್ನು ಮೂಡಣಕ್ಕೆ ತಿರುಗಿಸಬೇಕು. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಕಣದ ಮೇಲೆ ಸುರಿಯುವ ಮಳೆ ಹೆಚ್ಚಾಗಿ ಬಂಗಾಳಕೊಲ್ಲಿಯದು. 2021ರ ನವೆಂಬರಿನ ಮಳೆಗೆ ರಾಜ್ಯದಾದ್ಯಂತ ಕೊಯ್ದ ಪೈರು ನೆನೆದು ಮೊಳಕೆಯೊಡೆದದ್ದು ನೆನಪಿರಬಹುದು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲಕ್ಕೆ ಬಂದ ಫೆಂಗಲ್ ಚಂಡಮಾರುತ, ಬಲಗುಂದಿ ತಮಿಳುನಾಡನ್ನು ದಾಟಿ, ಡಿಸೆಂಬರ್ 3ರ ವೇಳೆಗೆ ಅರಬ್ಬೀ ಸಮುದ್ರದ ಕಡೆಗೆ ಬಂತು. ದಾರಿಯಲ್ಲಿ ಕರ್ನಾಟಕದ ಮೇಲೂ ಸುರಿಯಿತು. ಪೂರ್ವದ ಕಡಲಿನಲ್ಲಿ ಹುಟ್ಟಿದ ಕುಸಿತ ದಡ ಸೇರಿ ನಮ್ಮತ್ತ ಮೋಡ ಕಳಿಸಲು ಎರಡು ಮೂರು ದಿನ ಬೇಕು. ಬಣವೆ ಒಟ್ಟುವುದಕ್ಕೂ, ರಸ್ತೆಯ ಬದಿಯಲ್ಲಿ ಹರವಿದ ಮೆಕ್ಕೆಜೋಳವನ್ನು ಚೀಲಕ್ಕೆ ತುಂಬುವುದಕ್ಕೂ, ಅಡಿಕೆಯ ಮೇಲೆ ಹೊದಿಕೆ ಹಾಕುವುದಕ್ಕೂ ಅಷ್ಟು ಸಾಕು. ಆಗ ವರದಿಯಲ್ಲಿ ಚೆನ್ನೈ, ಪುದುಚೇರಿ, ನಾಗಪಟ್ಟಣಂ ಎಂಬ ಹೆಸರುಗಳು ಕೇಳಿದರೆ ಕಿವಿಗೊಡಿ. ಒಡಿಶಾ, ಬಂಗಾಳದ ಹೆಸರು ಕೇಳಿದರೆ ಒಕ್ಕಲಾಟವನ್ನು ಮುಂದುವರಿಸಬಹುದು.

ಒಂದು ಸಣ್ಣ ಸಲಹೆಯಿದೆ. ಕೃಷಿ ಹವಾಮಾನ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. ಮೇಘದೂತ್ ಎಂಬ ಆ್ಯಪಿನಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಊರಿನ ಹಾಲಿನ ಡೈರಿಯ ಮುಂದೆಯೋ, ಮಠದ ಅಂಗಳದಲ್ಲಿಯೋ ಒಂದು ಕರಿಹಲಗೆ ಇರಿಸಿ, ಪ್ರೌಢಶಾಲೆಯ ಮಗುವೊಂದಕ್ಕೆ ವಾರಕ್ಕೆರಡು ಸಲ ಅದನ್ನು ಬರೆಯುವ ಕೆಲಸ ವಹಿಸಿದರೆ ಫೋನು ಇಲ್ಲದ ಹಿರಿಯರಿಗೂ ಸುದ್ದಿ ಮುಟ್ಟುತ್ತದೆ. ಬರೆಯಬೇಕಾದದ್ದು ನಾಲ್ಕೇ ಸಾಲು: ಕುಸಿತ ಯಾವ ಕಡಲಿನಲ್ಲಿ, ಯಾವ ದಿಕ್ಕಿಗೆ, ಮಳೆ ಎಷ್ಟು ಕಡೆ, ಜಿಲ್ಲೆಯ ಬಣ್ಣ ಯಾವುದು, ಕರಾವಳಿಯಲ್ಲಿ ಅಲೆ ಎಷ್ಟು ಮೀಟರ್. ಕೊನೆಯ ಸಾಲು, ಆ ವಾರ ಮುರುಡೇಶ್ವರಕ್ಕೆ ಹೊರಟವರಿಗಾಗಿ.